ಟ್ರ್ಯಾಕ್ಟರಿಗೆ ಹೊಕ್ಕ ಗಾಳಿ

ಎಂಬತ್ತರ ದಶಕದ ಕೊನೆಯಲ್ಲಿ ಗೋವಾದ ಫೋಂಡಾದಲ್ಲಿ ನಮ್ಮ ಇಟ್ಟಿಗೆ, ಮರಳಿನ ವ್ಯಾಪಾರವಿತ್ತು. ಅದನ್ನೆಲ್ಲ ಹೊರುತ್ತಿದ್ದುದು ಒಂದು ಗಿಡ್ಡ ಡೀಸೆಲ್ ಟ್ರ್ಯಾಕ್ಟರ್. ಅದರ ರಿಪೇರಿಗೆ ಬೇರೆಯವರು ಕೈಹಚ್ಚಿದರೆ ನನಗೆ ಸಿಟ್ಟು ಬರುತ್ತಿತ್ತು.

ಒಂದು ಮುಂಜಾನೆ ಡೀಸೆಲ್ ಪೂರ್ತಿ ಬತ್ತಿ ಅದು ಅಂಗಳದಲ್ಲೇ ನಿಂತಿತು. ಟ್ಯಾಂಕ್ ತುಂಬಿಸಿದರೂ ಹತ್ತಲಿಲ್ಲ. ಚಾವಿ ತಿರುವಿದಾಗ ಎಂಜಿನ್ ಜೋರಾಗಿಯೇ ತಿರುಗುತ್ತಿತ್ತು, ಹಾಗಾಗಿ ಬ್ಯಾಟರಿಯ ತಪ್ಪಲ್ಲ. ಸೈಲೆನ್ಸರಿನಿಂದ ಹೊಗೆಯ ಎಳೆಯೂ ಇಲ್ಲ, ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ.

"ಏನಾಗೈತೋ ಅದಕ್ಕ?" ಧಾರವಾಡದಿಂದ ಬಂದಿದ್ದ ಅವ್ವ ಬಾಗಿಲಿನಿಂದ ಕೇಳಿದಳು.

"ಗಾಳಿ ಹೊಕ್ಕೈತಿ ಬೇ."

ಅವಳ ಪಾಲಿಗೆ ಗಾಳಿ ಹೊಗುವುದೆಂದರೆ ದೆವ್ವ ಹೊಗುವುದೇ. "ಆ ಹುಣಸಿ ಗಿಡದ ಬುಡಕ್ಕ ನಿಲ್ಲಸಬ್ಯಾಡ ಅಂತ ಬಡಕೊಂಡೆ!"

ಪೈಪಿನೊಳಗಿನ ಗಾಳಿ ಎಂದು ನಾನು ಹೇಳುವಷ್ಟರಲ್ಲಿ ಅವಳು ಲಿಂಬೆಹಣ್ಣು ತಂದಾಗಿತ್ತು. ನಾನು ಫಿಲ್ಟರಿನ ಮೇಲಿನ ಬೋಲ್ಟ್ ಸಡಿಲಿಸಿ ಪಂಪಿನ ಸಣ್ಣ ಹಿಡಿಕೆ ಒತ್ತತೊಡಗಿದೆ. ಅವಳು ಬಾನೆಟ್ಟಿಗೆ ಲಿಂಬೆ ನಿವಾಳಿಸತೊಡಗಿದಳು. ಡೀಸೆಲ್ ನೊರೆನೊರೆಯಾಗಿ ಉಕ್ಕಿತು.

"ಹೊಂಟತು, ಹೊಂಟತು!" ಎಂದಳು.

ಗುಳ್ಳೆ ನಿಂತು ಬರೀ ಡೀಸೆಲ್ ಹರಿದಾಗ ಬೋಲ್ಟ್ ಬಿಗಿದು ಚಾವಿ ತಿರುವಿದೆ. ಟ್ರ್ಯಾಕ್ಟರ್ ಹೊಗೆಯುಗುಳಿ ಗುಡುಗಿತು. ನಮ್ಮನಮ್ಮ ವಿದ್ಯೆಗೆ ಹಿಗ್ಗಿ ಇಬ್ಬರೂ ನಕ್ಕೆವು.

"ಹೊರಗ ಬಂದದ್ದು ಎಲ್ಲಿ ಹೋತು?" ಅವ್ವ ಥಟ್ಟನೆ ಕೇಳಿದಳು.

"ಎಲ್ಲೆರ ಹೋಗ್ಲಿ ಬಿಡಬೇ!" ಎಂದು ರೇಗಿದೆ.

ಮರುದಿನ, ಟ್ರ್ಯಾಕ್ಟರಿನ ಪಕ್ಕದಲ್ಲೇ ನಿಲ್ಲಿಸಿದ್ದ ನನ್ನ ಸ್ಕೂಟರ್ ಎಷ್ಟು ಒದ್ದರೂ ಹತ್ತಲಿಲ್ಲ. ಅವ್ವ ಲಿಂಬೆಹಣ್ಣು ತರಲು ಒಳಗೆ ಹೋದಳು.