ಬೆಂಕಿಪೊಟ್ಟಣದ ಅಳತೆ

ಮುಚ್ಚಿಟ್ಟದ್ದನ್ನು ಕಂಡರೆ ನನಗೆ ತಡೆಯುವುದಿಲ್ಲ. ಡಬ್ಬಿಯಾದರೂ ಸರಿ, ಬಾನೆಟ್ಟಾದರೂ ಸರಿ, ತೆಗೆದು ನೋಡಲೇಬೇಕು. ಮಧುಗಿರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೂ ಈ ಚಟ ಹೋಗಲಿಲ್ಲ. ಅಪ್ಪ ಬಿಟ್ಟುಹೋದ ಹಳೆಯ ಪೆಟ್ರೋಲ್ ಅಂಬಾಸಡರ್ ಕಾರನ್ನು ಮಾರದೆ ಉಳಿಸಿಕೊಂಡಾಗ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಳು ಎಂದು ಬೀದಿಯವರು ನಕ್ಕರು. ಈಗಿನ ಕಾರುಗಳ ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಇದರಲ್ಲಾದರೂ ನೋಡಲು ಏನಾದರೂ ಇದೆ.

ಅದರಲ್ಲೆಲ್ಲ ನನಗೆ ಇಷ್ಟವಾದದ್ದು ಡಿಸ್ಟ್ರಿಬ್ಯೂಟರ್. ಮುಷ್ಟಿಗಾತ್ರದ ಮುಚ್ಚಳ, ಅದರ ನೆತ್ತಿಯಿಂದ ಐದು ವೈರು, ಒಂದು ಕರೆಂಟು ತರಲು, ನಾಲ್ಕು ಒಯ್ಯಲು. ಒಳಗೆ ರೋಟರ್ ತಿರುಗುತ್ತಾ ನಾಲ್ಕು ಸಿಲಿಂಡರುಗಳಿಗೆ ಕಿಡಿ ಹಂಚುತ್ತದೆ, ಪಂಕ್ತಿಯಲ್ಲಿ ಬಡಿಸುವವರ ಹಾಗೆ. ರೋಟರಿನ ಕೆಳಗೆ ಪಾಯಿಂಟು ಎಂಬ ಎರಡು ಪುಟ್ಟ ಲೋಹದ ಬಿಲ್ಲೆಗಳಿವೆ. ಅವು ಒಂದನ್ನೊಂದು ಮುಟ್ಟಿ ಬಿಡುವ ಗಳಿಗೆಯಲ್ಲೇ ಕಿಡಿ ಹುಟ್ಟುವುದು. ಬಿಟ್ಟಾಗ ನಡುವೆ ಎಷ್ಟು ಸಂದು ಇರುತ್ತದೆ ಎನ್ನುವುದರ ಮೇಲೆ ಕಾರಿನ ಹಣೆಬರಹವೇ ನಿಂತಿದೆ.

ಆ ಸಂದು ಹೊಂದಿಸುತ್ತಿದ್ದವರು ಶಿರಾದ ಒಬ್ಬ ಮೆಕ್ಯಾನಿಕ್. ಎಪ್ಪತ್ತು ದಾಟಿದವರು. ಅಪ್ಪನ ಕಾಲದಿಂದ ಈ ಕಾರನ್ನು ಬಿಚ್ಚಿದವರು ಅವರೊಬ್ಬರೇ. ನಾನು ಸಾಹೇಬ್ರೆ ಎನ್ನುತ್ತಿದ್ದೆ, ಅವರು ಟೀಚರಮ್ಮ ಎನ್ನುತ್ತಿದ್ದರು. ಸಂದು ಅಳೆಯಲು ತೆಳುವಾದ ಉಕ್ಕಿನ ಪಟ್ಟಿಗಳು ಸಿಗುತ್ತವೆ, ಅವರ ಬಳಿ ಇರಲಿಲ್ಲ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅದರ ರಟ್ಟಿನ ಚೂರು ಹರಿದು, ಪಾಯಿಂಟುಗಳ ನಡುವೆ ತೂರಿಸಿ ಸ್ಕ್ರೂ ಬಿಗಿ ಮಾಡುತ್ತಿದ್ದರು. ಅವರ ಉಸ್ತಾದರು ಕಲಿಸಿದ ಅಳತೆ ಅದು. ಆಮೇಲೆ ನನ್ನಿಂದ ಎಂಜಿನ್ ಚಾಲೂ ಮಾಡಿಸಿ, ಡಿಸ್ಟ್ರಿಬ್ಯೂಟರಿನ ಕುತ್ತಿಗೆ ಹಿಡಿದು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ, ತಲೆ ವಾಲಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಬರಾಬರ್ ಅಂದರೋ, ಕೆಲಸ ಮುಗಿದಂತೆ. ಅಷ್ಟು ಹೊತ್ತು ಏನು ಕೇಳಿಸಿತು ಎಂದು ನಾನು ಎಷ್ಟು ಪೀಡಿಸಿದರೂ ನಕ್ಕುಬಿಡುತ್ತಿದ್ದರು.

ಹೋದ ವರ್ಷದಿಂದ ಕಾರು ಮೊಂಡು ಹಿಡಿಯಿತು. ಸಪಾಟು ರಸ್ತೆಯಲ್ಲಿ ಸಾಧುವಾಗಿ ಓಡುವುದು, ಬಡವನಹಳ್ಳಿಯ ಹತ್ತಿರದ ದಿಣ್ಣೆ ಬಂದರೆ ಮುಗ್ಗರಿಸಿ ನಿಲ್ಲುವುದು. ಒಂದು ಸಲ ಕುರಿ ಕಾಯುವ ಮುದುಕರೊಬ್ಬರು ಮಂದೆ ಸಮೇತ ನನ್ನನ್ನು ದಾಟಿ ಹೋಗುತ್ತಾ, "ನಮ್ ಕುರಿಗಳೇ ವಾಸಿ ಕಣಮ್ಮ, ಪೆಟ್ರೋಲ್ ಕೇಳಕ್ಕಿಲ್ಲ" ಅಂದರು.

ತಿಂಗಳಿಗೊಮ್ಮೆ ಶಿರಾಕ್ಕೆ ಹೋಗುವುದೇ ಆಯಿತು. ಮುಚ್ಚಳ ತೆಗೆದರೆ ಪಾಯಿಂಟು ಸುಟ್ಟು ಕಪ್ಪಾಗಿರುತ್ತಿತ್ತು. ಅವರು ಹೊಸದು ಹಾಕಿ, ರಟ್ಟು ತೂರಿಸಿ, ಕಿವಿಗೊಟ್ಟು ಕೇಳುತ್ತಿದ್ದರು. ಬರಾಬರ್ ಎನ್ನುವ ಮಾತು ಮಾತ್ರ ಬರುತ್ತಿರಲಿಲ್ಲ. ಏನೋ ಸರಿ ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿ ಮತ್ತೆ ರಟ್ಟು ತೂರಿಸಿದರೆ, ಅಳತೆ ಸರಿಯಾಗಿಯೇ ಇರುತ್ತಿತ್ತು. ಒಂದು ಮಧ್ಯಾಹ್ನ ಬಿಸಿಲಿಗೆ ನನ್ನ ತಲೆ ಕೆಟ್ಟಿತು. "ನಿಮ್ಮ ಕಿವಿಗೇ ವಯಸ್ಸಾಯ್ತೇನೋ ಸಾಹೇಬ್ರೆ" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ನಗಲಿಲ್ಲ. ಬಟ್ಟೆಯ ಚೂರಿಗೆ ಕೈ ಒರೆಸಿಕೊಳ್ಳುತ್ತಾ, ಇರಬಹುದು ಅಂದರು.

ಮುಂದಿನ ಸಲ ಹೋದಾಗ ಪಕ್ಕದ ಪಂಕ್ಚರ್ ಅಂಗಡಿಯವನನ್ನು ಕರೆದು, ನೀನು ಕೇಳಿ ಹೇಳು ಎಂದು ಎಂಜಿನ್ನಿನ ಮುಂದೆ ನಿಲ್ಲಿಸಿದರು. ಅವನಿಗೇನು ಗೊತ್ತು, ಚೆನ್ನಾಗೈತೆ ಅಂದ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, ಆಯುಧಪೂಜೆಯ ಮಾರನೇ ದಿನ ಶೆಡ್ ಖಾಲಿ ಮಾಡಿ ಪಾವಗಡದ ಮಗಳ ಮನೆ ಸೇರುತ್ತೇನೆ ಅಂದರು.

"ಕಿವಿ ಹೋದೋನು ಈ ಕೆಲ್ಸ ಮಾಡ್ಬಾರ್ದು ಟೀಚರಮ್ಮ. ನಮ್ಮನ್ನ ನಂಬ್ಕೊಂಡು ಜನ ಗಾಡಿ ಹತ್ತುತಾರೆ."

ಐವತ್ತು ವರ್ಷ ಸ್ಪ್ಯಾನರ್ ಹಿಡಿದ ಮನುಷ್ಯ ನನ್ನ ಒಂದು ಮಾತಿಗೆ ಅದನ್ನು ಕೆಳಗಿಡುತ್ತಿದ್ದರು. ಮಧುಗಿರಿಗೆ ಬರುವ ದಾರಿಯುದ್ದಕ್ಕೂ ನಾಚಿಕೆಯಾಯಿತು. ನನ್ನ ನಾಲಿಗೆ ಕಿತ್ತು ನಾಯಿಗೆ ಹಾಕಬೇಕು ಅನ್ನಿಸಿತು.

ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆದು, ಡ್ಯಾಶ್‌ಬೋರ್ಡಿನ ಗೂಡಿಗೆ ಕೈ ಹಾಕಿದೆ. ಅಪ್ಪ ದೂರ ಹೊರಡುವ ಮುಂಚೆ ಕಾರಿಗೆ ಕರ್ಪೂರ ಬೆಳಗುತ್ತಿದ್ದರು, ಅದಕ್ಕಾಗಿ ಇಟ್ಟ ಬೆಂಕಿಪೊಟ್ಟಣ ಇನ್ನೂ ಮೂಲೆಯಲ್ಲಿತ್ತು. ಕಡ್ಡಿಗಳು ಹತ್ತಲಿಲ್ಲ. ದೇವರ ಮನೆಯಿಂದ ಹೊಸ ಪೊಟ್ಟಣ ತಂದೆ. ಎರಡೂ ಒಟ್ಟಿಗೆ ಕೈಯಲ್ಲಿದ್ದಾಗ ಹೊಸದು ಬೆರಳಿಗೆ ಅಪ್ಪಚ್ಚಿಯಾಯಿತು, ಹಳೆಯದು ಗಟ್ಟಿಯಾಗಿ ನಿಂತಿತು. ಕರ್ಪೂರ ಅಲ್ಲೇ ಬಿಟ್ಟು ಒಳಗೆ ಓಡಿದೆ. ಪಾಠಕ್ಕೆಂದು ನಾನೇ ಕೊಂಡಿದ್ದ ಸ್ಕ್ರೂಗೇಜು ಬೀರುವಿನಲ್ಲಿತ್ತು. ದಾರದಷ್ಟು ತೆಳುವಾದದ್ದನ್ನೂ ಅದು ಅಳೆಯುತ್ತದೆ. ಎರಡು ರಟ್ಟುಗಳನ್ನೂ ಅದರ ಬಾಯಿಗೆ ಕೊಟ್ಟು ಮೂರು ಮೂರು ಸಲ ನೋಡಿದೆ. ಹೊಸ ರಟ್ಟು ಹಳೆಯದರ ಮುಕ್ಕಾಲು ಭಾಗವೂ ಇರಲಿಲ್ಲ.

ಪೊಟ್ಟಣದ ಅಳತೆ ಉಸ್ತಾದರ ಕಾಲದ್ದು, ಪೊಟ್ಟಣ ಮಾತ್ರ ಈ ಕಾಲದ್ದು. ಹೋದ ವರ್ಷದಿಂದ ಕಂಪನಿಯವರು ರಟ್ಟು ತೆಳ್ಳಗೆ ಮಾಡಿರಬೇಕು. ಸಂದು ಕಿರಿದಾಗಿ ಪಾಯಿಂಟು ಸುಡುತ್ತಿತ್ತು, ದಿಣ್ಣೆಯಲ್ಲಿ ಭಾರ ಎಳೆಯುವ ಹೊತ್ತಿಗೆ ಕಿಡಿ ಸೋಲುತ್ತಿತ್ತು. ಪೂಜೆ ಅರ್ಧಕ್ಕೆ ಬಿಟ್ಟ ಪಾಪ ನನಗಿರಲಿ ಎಂದು ಅವತ್ತೇ ಶಿರಾಕ್ಕೆ ಹೊರಟೆ. ಕಾರು ದಿಣ್ಣೆಯಲ್ಲಿ ಎರಡು ಸಲ ನಿಂತಿತು.

ಶೆಡ್ಡಿನ ಸಾಮಾನೆಲ್ಲ ಗೋಣಿಚೀಲ ಸೇರಿತ್ತು. ಸಾಹೇಬರು ನಾನು ಕೊಟ್ಟ ಎರಡು ರಟ್ಟುಗಳನ್ನೂ ಹೆಬ್ಬೆರಳಲ್ಲಿ ಉಜ್ಜಿ, ಒಂದನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಉಜ್ಜಿದರು. ಚೀಲದ ಬಾಯಿ ಬಿಚ್ಚಿ ಸ್ಕ್ರೂಡ್ರೈವರ್ ತೆಗೆದರು. ಸುಟ್ಟ ಪಾಯಿಂಟು ಕಿತ್ತು ಹೊಸದು ಹಾಕಿ, ಅಪ್ಪನ ಪೊಟ್ಟಣದ ರಟ್ಟು ತೂರಿಸಿ ಬಿಗಿ ಮಾಡಿ, ಕುತ್ತಿಗೆ ತಿರುಗಿಸಿ ಕೇಳಿದರು. ಆಗಲೂ ಬರಾಬರ್ ಎನ್ನಲಿಲ್ಲ. ದಿಣ್ಣೆಗೆ ನಡೀರಿ ಅಂತ ನನ್ನ ಪಕ್ಕ ಬಂದು ಕೂತರು.

ದಿಣ್ಣೆಯ ಬುಡದಲ್ಲಿ ಆಕ್ಸಿಲರೇಟರ್ ಒತ್ತಿದೆ. ಕಾರು ಮೂರನೇ ಗೇರಿನಲ್ಲೇ, ಒಂದು ಸಲವೂ ಮುಗ್ಗರಿಸದೆ ನೆತ್ತಿ ಹತ್ತಿತು. ಅಲ್ಲಿ ನಿಲ್ಲಿಸಿ, ಅವತ್ತು ನಾನು ಆಡಿದ ಮಾತು ತಪ್ಪಾಯಿತು ಎಂದೆ.

"ನಿಮ್ದೇನೈತೆ ಬುಡಿ. ಕಿವಿ ಒಂದ್ ವರ್ಷದಿಂದ ಹೇಳ್ತಾನೇ ಇತ್ತು, ಸರಿ ಇಲ್ಲ, ಸರಿ ಇಲ್ಲ ಅಂತ. ನಾನೇ ರಟ್ಟನ್ನ ನಂಬ್ದೆ, ಕಿವೀನ ನಂಬ್ಲಿಲ್ಲ."

ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ನಾಳೆ ಬೆಳಿಗ್ಗೆ ಚೀಲ ಬಿಚ್ಚಿ ಎಲ್ಲ ಮತ್ತೆ ಜೋಡಿಸಬೇಕಲ್ಲ ಎಂದು ಗೊಣಗಿದರು. ನಿಮಗೆ ಏನು ಕೇಳಿಸುತ್ತದೆ ಎಂದು ಕೇಳಲು ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದು, "ಈಗ ಕೇಳಿ. ಇದೇ ಬರಾಬರ್" ಅಂದರು.

ಎಂಜಿನ್ ಓಡುತ್ತಲೇ ಇತ್ತು. ನಾನೂ ತಲೆ ವಾಲಿಸಿ, ಕಣ್ಣು ಮುಚ್ಚಿದೆ. ಮೂವತ್ತು ವರ್ಷ ಮಕ್ಕಳಿಗೆ ಶಬ್ದದ ಪಾಠ ಮಾಡಿದ ನನಗೆ ಎಂಜಿನ್ನಿನ ಸದ್ದಷ್ಟೇ ಕೇಳಿಸಿತು.