ಆಲ್ವೀನಾ ಅತ್ತೆ ಹೊಗಳಿದ ಕಂಬಳಿ

ರೆಡ್ ರಾಕ್ ಊರಿನಲ್ಲಿ ನಮ್ಮ ಓಟೋ ಬುಡಕಟ್ಟಿನ ಜನರ ಜುಲೈ ಕೂಟ. ಮೊಮ್ಮಗಳ ಮೊದಲ ಕುಣಿತದ ಗೌರವಕ್ಕೆ ಆಲ್ವೀನಾ ಅತ್ತೆ ಬಂದವರಿಗೆ ಅಂಗಡಿಯಿಂದ ಕೊಂಡ ಕಂಬಳಿಗಳನ್ನು ಹಂಚಬೇಕಿತ್ತು. ಅಳಿಯ ಡೆಲ್ಬರ್ಟ್ ಗಾಡಿಯಿಂದ ಬೇರೆ ಗಂಟನ್ನೇ ಹೊತ್ತು ತಂದ. ಬಿಚ್ಚಿದರೆ ಅತ್ತೆಯ ತಾಯಿ ಬಿಟ್ಟುಹೋದ ಕೆಂಪು ಕಂಬಳಿ! ಅಷ್ಟರಲ್ಲಿ ಮೈಕಿನವನು ಅದನ್ನು ತೆಗೆದುಕೊಳ್ಳಲು ಅತ್ತೆಯ ಅಕ್ಕನ ಗಂಡ ಕ್ಲೈಡ್‌ನನ್ನು ಕೂಗಿಯಾಗಿತ್ತು. ಕ್ಲೈಡ್ ಕೈಕುಲುಕಿ, ಕಂಬಳಿ ಹೊದ್ದುಕೊಂಡೇ ಹೋದ. ಡೆಲ್ಬರ್ಟ್ ಚಪ್ಪರದ ಕಂಬದ ಹಿಂದೆ ಅಡಗಿದ. ಅವನ ಹೊಟ್ಟೆ ಮಾತ್ರ ಎರಡೂ ಕಡೆ ಕಾಣುತ್ತಿತ್ತು.

ಕೊಟ್ಟದ್ದನ್ನು ವಾಪಸು ಕೇಳಿದರೆ ಇಡೀ ಕುಲಕ್ಕೆ ಅವಮಾನ. ಊರಿನ ಮದುವೆಗೂ ಸಾವಿಗೂ ರೊಟ್ಟಿ ಕರಿದುಕೊಟ್ಟೇ ಮುದುಕಿಯಾದ ಅತ್ತೆ, ಯಾರನ್ನೂ ಏನೂ ಕೇಳಿದವಳಲ್ಲ. ಆದರೆ ಮನೆಗೆ ಬಂದವರು ಬಾಯ್ತುಂಬ ಮೆಚ್ಚಿದ್ದನ್ನು ಕೊಟ್ಟುಬಿಡುವುದೂ ನಮ್ಮಲ್ಲಿ ಮರ್ಯಾದೆಯೇ. ಮರುದಿನ ಮಧ್ಯಾಹ್ನ ಅವಳು ಡೆಲ್ಬರ್ಟ್‌ನನ್ನು ಎಳೆದುಕೊಂಡು ಕ್ಲೈಡ್‌ನ ಜಗಲಿಗೆ ಹೋದಳು. ಉರಿಬಿಸಿಲಲ್ಲಿ ಅವನು ಕಂಬಳಿ ಹೊದ್ದು ಕೂತಿದ್ದ.

"ಏನೇ ಆಲ್ವೀನಾ, ಕೇಳೋಕೆ ಬಂದ್ಯಾ?"

"ಛೆ ಭಾವ, ನೋಡೋಕೆ ಬಂದೆ. ಎಂಥಾ ಬಣ್ಣ! ನಿನ್ನ ಮುಖಕ್ಕೂ ಒಂದು ಕಳೆ ಬಂತು."

"ಕಿವಿ ಮಂದ ಕಣೇ, ಏನೂ ಕೇಳಿಸಲ್ಲ. ಹಾಳು ಚಳಿ ಬೇರೆ."

"ಅಂಚು ನೋಡು ಭಾವ, ಅಂಚು!" ಅತ್ತೆ ದನಿಯೇರಿಸಿದಳು. ಅಂಚಾಯಿತು, ನೇಯ್ಗೆಯಾಯಿತು, ಮೃದುತನವಾಯಿತು. ಕ್ಲೈಡ್‌ನ ಗಲ್ಲದಿಂದ ಬೆವರು ತೊಟ್ಟಿಕ್ಕತೊಡಗಿತು. ಡೆಲ್ಬರ್ಟ್ ನಗು ತಡೆಯಲಾಗದೆ ಕೆಮ್ಮಿದ.

"ಇನ್ನೂ ಎಷ್ಟು ಹೊತ್ತೇ ಹೊಗಳ್ತೀಯಾ?" ಕ್ಲೈಡ್ ಏದುಸಿರು ಬಿಟ್ಟ.

ಅತ್ತೆ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ಕೂತಳು. "ನಿನ್ನ ಚಳಿ ಬಿಡೋ ತನಕ, ಭಾವ."