ಚೈನಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಅರಸೀಕೆರೆಯ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಎಣ್ಣೆ. ನಮ್ಮ ತೋಟದ ಕೊಬ್ಬರಿಯನ್ನೇ ಗಾಣಕ್ಕೆ ಕೊಟ್ಟು ತೆಗೆಸಿದ್ದು. ತಲೆಗೆ ಅದೇ, ಕಿರುಗುಟ್ಟುವ ಬಾಗಿಲಿಗೆ ಅದೇ, ಹೊಲಿಗೆ ಯಂತ್ರಕ್ಕೂ ಅದೇ. ನಮ್ಮಪ್ಪ ತನ್ನ ಸೈಕಲ್ಲಿನ ಚೈನಿಗೆ ಅದನ್ನೇ ಬಿಟ್ಟುಕೊಂಡು ಸಾಯುವ ತನಕ ಓಡಿಸಿದ್ದ. ಇಷ್ಟನ್ನೆಲ್ಲ ಮೊದಲೇ ಹೇಳುತ್ತಿರುವುದು ನನ್ನ ತಪ್ಪು ಸ್ವಲ್ಪ ಸಣ್ಣದಾಗಿ ಕಾಣಲಿ ಎಂದು. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಮಗಳು ಬೇಲೂರಿನಲ್ಲಿ ಹೈಸ್ಕೂಲು ಟೀಚರ್. ಅವಳ ಹತ್ತಿರ ಒಂದು ದೊಡ್ಡ ಬೈಕಿದೆ. ದೂರದ ಪ್ರಯಾಣಕ್ಕೆಂದೇ ಮಾಡಿದ್ದು. ಎರಡೂ ಕಡೆ ಪೆಟ್ಟಿಗೆ, ಮುಂದೆ ಗಾಜು, ನಿಂತರೆ ಒಳ್ಳೆ ಎತ್ತಿನಷ್ಟು ಎತ್ತರ. ರಜೆ ಬಂತೆಂದರೆ ಅದನ್ನೇರಿ ಸಮುದ್ರದ ತನಕ ಹೋಗಿ ಬರುತ್ತಾಳೆ. ಶನಿವಾರ ಸ್ಕೂಲು ಬಿಟ್ಟ ಮೇಲೆ ನಮ್ಮ ಮನೆಗೆ ಬಂದು, ಭಾನುವಾರ ಮಧ್ಯಾಹ್ನ ಉಂಡು ಒಂದು ಗಂಟೆ ಮಲಗುತ್ತಾಳೆ. ಆ ಒಂದು ಗಂಟೆಯೇ ನನ್ನ ಅಪರಾಧದ ಹೊತ್ತು.

ಹೋದ ವರ್ಷ ಆ ಬೈಕಿಗೆ ಹೊಸ ಚೈನ್ ಸೆಟ್ ಹಾಕಿಸಿದ್ದಳು. ಸೆಟ್ ಅಂದರೆ ಚೈನು, ಇಂಜಿನ್ ಪಕ್ಕದ ಸಣ್ಣ ಹಲ್ಲುಚಕ್ರ, ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರ. ಒಂದು ಸವೆದರೂ ಮೂರನ್ನೂ ಒಟ್ಟಿಗೇ ಬದಲಾಯಿಸಬೇಕು. ಹಾಕಿದ ಮೆಕ್ಯಾನಿಕ್ ನನ್ನ ಜೊತೆ ಎಸ್ಸೆಸ್ಸೆಲ್ಸಿ ತನಕ ಒಂದೇ ಬೆಂಚಿನಲ್ಲಿ ಕೂತವನು. ಅವನು ಆವತ್ತೇ ಎಚ್ಚರಿಸಿದ್ದ: "ಈ ಚೈನಿನ ಒಂದೊಂದು ಕೊಂಡಿಗೂ ರಬ್ಬರ್ ಉಂಗುರ ಐತೆ, ಒಳಗೆ ಗ್ರೀಸ್ ತುಂಬವ್ರೆ. ನಾನ್ ಕೊಟ್ಟಿರೋ ಸ್ಪ್ರೇ ಬಿಟ್ರೆ ಇನ್ನೇನೂ ಹಾಕ್ಬ್ಯಾಡ ತಾಯಿ." ಹೇಳಿದ್ದು ಮಗಳಿಗೆ. ನನಗೆ ಹೇಳಿದ್ದಲ್ಲ ಎಂದುಕೊಂಡೆ.

ಸ್ಪ್ರೇ ಹಾಕಿದ ಚೈನು ಕಪ್ಪಗೆ, ಅಂಟಂಟಾಗಿ ಕಾಣುತ್ತಿತ್ತು. ನನಗೆ ಅದು ಗಲೀಜು ಅನ್ನಿಸಿತು. ತೆಂಗಿನ ನಾರು, ಒಲೆಯ ಬೂದಿ, ಚೂರು ಹುಣಿಸೆಹಣ್ಣು ಹಿಡಿದು, ಹಬ್ಬಕ್ಕೆ ಹಿತ್ತಾಳೆ ಚೊಂಬು ಬೆಳಗುವಂತೆ ಉಜ್ಜಿದೆ. ಫಳಫಳ ಅಂದಿತು. ಆಮೇಲೆ ಕೊಬ್ಬರಿ ಎಣ್ಣೆ. ಚಳಿಗಾಲದಲ್ಲಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಕೂತಾಗ ಒಗ್ಗರಣೆ ಸೌಟಿನಲ್ಲಿ ಕಾಯಿಸಿ ಬಿಟ್ಟೆ. ಸೌಟಿಗೆ ಚೈನಿನ ಕಪ್ಪು ಹತ್ತಿತು. "ಇದ್ಯಾಕ್ರೀ ಈ ಸೌಟು ಗ್ಯಾರೇಜ್ ವಾಸ್ನೆ ಹೊಡೀತೈತೆ?" ಎಂದು ಹೆಂಡತಿ ಕೇಳಿದಾಗ, "ಸಾಸಿವೆ ಹಳೇದಿರ್ಬೇಕು" ಎಂದೆ. ಪಾಪ, ಅವಳು ಸಾಸಿವೆ ತರುವ ಅಂಗಡಿಯನ್ನೇ ಬದಲಾಯಿಸಿದಳು. ಹೀಗೆ ಭಾನುವಾರ ಬಿಟ್ಟು ಭಾನುವಾರವೆಂದರೂ ಹತ್ತು ತಿಂಗಳು ನಡೆಯಿತು.

ಬೂದಿಯ ಸೇವೆ ಸಾಕಾಗಿ ಚೈನು ಜೋತುಬಿತ್ತು. ಬೈಕು ಹೊರಡುವಾಗ ಕಟಕಟ ಎನ್ನುವುದು, ಏರಿನಲ್ಲಿ ಚೈನು ಹಲ್ಲು ಬಿಟ್ಟು ಎಗರುವುದು ಶುರುವಾಯಿತು. ಒಂದು ಶನಿವಾರ ಮಗಳು ಅದನ್ನು ನೇರವಾಗಿ ಗೆಳೆಯನ ಅಂಗಡಿಗೆ ತಂದಳು. ನಾನೂ ಹೋದೆ. ಅವನು ಹಿಂದಿನ ಗಾಲಿ ಬಿಚ್ಚಿ ದೊಡ್ಡ ಹಲ್ಲುಚಕ್ರವನ್ನು ಎತ್ತಿ ತೋರಿಸಿದ. ಹಲ್ಲುಗಳೆಲ್ಲ ಬೆಕ್ಕಿನ ಉಗುರಿನ ಹಾಗೆ ಒಂದೇ ಕಡೆಗೆ ಬಾಗಿದ್ದವು.

"ಮಾಮ, ಬೇಜಾರ್ ಮಾಡ್ಕೋಬೇಡಿ. ನೀವು ಹಾಕಿದ್ದು ಒರಿಜಿನಲ್ ಸೆಟ್ಟೇನಾ?" ಎಂದಳು ಮಗಳು.

ಅವನು ಬಿಚ್ಚಿದ ಚೈನನ್ನು ಮುಖದ ಹತ್ತಿರ ತಂದು ನೋಡಿದ. ಕನ್ನಡಕ ಮರೆತು ಬಂದಿರಬೇಕು ಅಂದುಕೊಂಡೆ. ಆಮೇಲೆ ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವಾಗ ಎಂದು ಹುಡುಕುತ್ತಿದ್ದೆ.

"ಒರಿಜಿನಲ್ಲೇ ತಾಯಿ," ಎಂದ.

"ಸರಿ, ಇನ್ನೊಂದು ಸೆಟ್ ಹಾಕಿ. ನಾಳೆ ಹಳೇಬೀಡಿನ ತನಕ ಓಡಿಸಿ ನೋಡೋಣ, ನೀವೂ ಬನ್ನಿ. ಆಗ್ಲೂ ಎಡವಟ್ಟಾದ್ರೆ ನಮ್ಮ ಗ್ರೂಪಲ್ಲಿ ಹಾಕ್ತೀನಿ. ಆಮೇಲೆ ನನ್ನ ಬೈಬಾರ್ದು."

ಅವಳ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಸುತ್ತಿನ ಬೈಕಿನವರೆಲ್ಲ ಇದ್ದಾರೆ. ಅವರೆಲ್ಲ ಬರುವುದು ಇವನ ಅಂಗಡಿಗೇ. ಅವಳ ಒಂದು ಸಾಲು ಸಾಕು, ಅವನು ಜೀವಮಾನವೆಲ್ಲ ಗಳಿಸಿದ ಹೆಸರು ಹೋಗಲಿಕ್ಕೆ. ನಾನು ಅಲ್ಲೇ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. "ನಮ್ಮಪ್ಪಂಗೆ ಗೊತ್ತಿಲ್ದಿರೋ ಮಿಷಿನ್ನೇ ಇಲ್ಲ" ಎಂದು ಚಿಕ್ಕಂದಿನಿಂದ ಹೇಳಿಕೊಂಡು ಬಂದ ಮಗಳು ಅವಳು. ಆ ಮಾತಿನ ರುಚಿ ಬಿಡಲಾಗಲಿಲ್ಲ.

ಇನ್ನೂ ನಾಚಿಕೆಗೇಡಿನ ವಿಷಯ ಮುಂದಿದೆ. ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಹೊಸ ಚೈನಿಗೂ ಎಣ್ಣೆ ಬಿಟ್ಟೆ. ಹೊಸ ವಸ್ತು ಮನೆಯ ಎಣ್ಣೆ ಕಾಣದೆ ಹೊಸಿಲು ದಾಟುವುದು ನಮ್ಮಲ್ಲಿ ಇಲ್ಲ. ಕೈ ತಾನಾಗಿಯೇ ಬಾಟಲಿಗೆ ಹೋಯಿತು.

ಮಗಳು ಮುಂದೆ ಬೈಕಿನಲ್ಲಿ, ಹಿಂದೆ ಗೆಳೆಯನ ಸ್ಕೂಟರಿನಲ್ಲಿ ನಾವಿಬ್ಬರು. "ಏನ್ಲಾ, ಇಷ್ಟ್ ಗಾಳಿ ಬೀಸ್ತಾ ಐತೆ, ಹಿಂಗ್ ಬೆವರ್ತಿದೀಯ?" ಎಂದ. ವಯಸ್ಸಾಯ್ತು ಎಂದೆ. ಬೈಕು ಒಂದು ಚೂರೂ ಸದ್ದು ಮಾಡಲಿಲ್ಲ. ಹಳೇಬೀಡಿನ ದೇವಸ್ಥಾನದ ಮುಂದೆ ಟೂರಿಸ್ಟ್ ಬಸ್ಸುಗಳ ಸಾಲೇ ನಿಂತಿತ್ತೆಂದು ಪಕ್ಕದ ಬಸ್ತಿಹಳ್ಳಿಗೆ ಹೋಗಿ ನಿಲ್ಲಿಸಿದೆವು.

ಅಲ್ಲಿನ ಬಸದಿಯ ಕಂಬಗಳು ಕನ್ನಡಿಯಷ್ಟು ನುಣುಪು. ಒಂದರ ಎದುರು ನಿಂತೆ. ನನ್ನ ಮುಖ ಸೊಟ್ಟಗೆ, ಸೋರೆಕಾಯಿಯಷ್ಟು ಉದ್ದ ಕಂಡಿತು. ಹಿಂದಿನಿಂದ ಗೆಳೆಯನ ಮುಖವೂ ಬಂದು ಸೇರಿತು.

"ಈ ಕಂಬ ಹಿಂಗ್ ಮಿಂಚಕ್ಕೆ ಯಾವ್ ಎಣ್ಣೆ ಹಾಕವ್ರೆ ಅಂತೀಯ?" ಎಂದ.

"ಕಲ್ಲಿಗ್ಯಾಕ್ಲಾ ಎಣ್ಣೆ?"

"ಅಲ್ವಾ ಮತ್ತೆ? ಬ್ಯಾಡದ್ ಕಡೆ ಯಾಕೆ ಎಣ್ಣೆ," ಎಂದು ಹೊರಗೆ ಹೋದ.

ಹೊರಗೆ ಬಂದಾಗ ಒಂದು ಕಂದು ಬಣ್ಣದ ನಾಯಿ ಬೈಕಿನ ಪಕ್ಕ ಕೂತು, ಕಣ್ಣು ಅರ್ಧ ಮುಚ್ಚಿ, ಚೈನು ನೆಕ್ಕುತ್ತಿತ್ತು. ಅಟ್ಟಿದರೆ ಎರಡು ಹೆಜ್ಜೆ ಹೋಗಿ ಮತ್ತೆ ಬಂತು. ಮಗಳು ಬಗ್ಗಿ ಚೈನು ಮುಟ್ಟಿ, ಬೆರಳು ಮೂಸಿ, ನೆಟ್ಟಗೆ ನಿಂತಳು.

"ಅಪ್ಪ, ಇದು ನಿನ್ ತಲೆ ವಾಸ್ನೆ."

"ಕೊಬ್ಬರಿ ಮಂಡಿ ಮುಂದೆ ಬಂದ್ವಲ್ಲ, ಅಲ್ಲೇನಾದ್ರೂ ಹಾರಿರ್ಬೇಕು," ಎಂದೆ. ಈ ವಯಸ್ಸಿನಲ್ಲಿ ಇಂಥ ಸುಳ್ಳು!

ಆಗ ಗೆಳೆಯ ಮುಂದೆ ಬಂದ. "ನಾನೇ ಹಚ್ಚಿದ್ದು ತಾಯಿ. ಸ್ಪ್ರೇ ಖಾಲಿಯಾಗಿತ್ತು."

"ಹಳೇದಕ್ಕೂ ಇದನ್ನೇ ಹಾಕಿದ್ರಾ ಮಾಮ?"

"ಹೂಂ."

ಮಗಳ ಮುಖ ಬಿಗಿಯಿತು. ಫೋನು ತೆಗೆದಳು. ಅವಳ ಹೆಬ್ಬೆರಳು ಅಕ್ಷರ ಒತ್ತುತ್ತಿರುವುದು ಕಾಣಿಸುತ್ತಿತ್ತು. ಗೆಳೆಯ ಆಕಾಶ ನೋಡುತ್ತ ನಿಂತಿದ್ದ. ನಾಯಿ ಮಾತ್ರ ತನ್ನ ಕೆಲಸ ನಿಲ್ಲಿಸಿರಲಿಲ್ಲ.

"ಕಳಿಸ್ಬ್ಯಾಡ ಕಣವ್ವ!" ಎಂದು ನಾನು ಕೂಗಿದ್ದಕ್ಕೆ ನಾಯಿಯೂ ಬೆಚ್ಚಿತು. ನಾರು, ಬೂದಿ, ಹುಣಿಸೆಹಣ್ಣು, ಸೌಟು, ಸಾಸಿವೆ, ಬೆಳಿಗ್ಗೆ ಬಿಟ್ಟ ಎಣ್ಣೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಬೂದಿನಾ?" ಎಂದಳು ಮಗಳು. "ಚೈನಿಗೆ ಬೂದಿನಾ ಅಪ್ಪ?"

"ಜರಡಿ ಹಿಡಿದ ಬೂದಿ ಕಣವ್ವ. ಸುಮ್ನೆ ಹಂಗೇ ಹಾಕಿಲ್ಲ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ, ಕಣ್ಣಲ್ಲಿ ನೀರಿತ್ತು. ಆಮೇಲೆ ಎದ್ದು ಗೆಳೆಯನ ಎರಡೂ ಕೈ ಹಿಡಿದು, "ತಪ್ಪಾಯ್ತು ಮಾಮ" ಎಂದಳು. ಆ ಮಾತು ನಾನು ಹೇಳಬೇಕಾಗಿತ್ತು. ಅವಳ ನಂತರ ಹೇಳಿದೆ, ಅಷ್ಟು ಗಟ್ಟಿಯಾಗಿ ಬರಲಿಲ್ಲ. ಗ್ರೂಪಿಗೆ ಅವಳು ಕೊನೆಗೆ ಬರೆದದ್ದು ಇದು: "ಅರಸೀಕೆರೆಯಲ್ಲಿ ಮಾಮನ ಅಂಗಡಿಗೇ ಹೋಗಿ. ಚೈನು ಮಾತ್ರ ಅಪ್ಪಂದಿರ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ."

ವಾಪಸ್ಸು ಬರುವಾಗ ಸ್ಕೂಟರಿನ ಮೇಲೆ ಕೇಳಿದೆ: "ನಿಂಗೆ ಯಾವಾಗ ಗೊತ್ತಾಯ್ತು?"

"ಹಳೇ ಚೈನ್ ಬಿಚ್ದಾಗ್ಲೇ. ಅಂಗ್ಡಿ ತುಂಬಾ ಕೊಬ್ರಿ ಮಿಠಾಯಿ ವಾಸ್ನೆ."

"ಮತ್ಯಾಕ್ ಹೇಳ್ಲಿಲ್ಲ?"

"ಮಗಳ ಮುಂದೆ ನಿನ್ ಮಾನ ಕಳೀಲಾ? ನೀನೇ ಹೇಳ್ತೀಯ ಅಂತ ಕಾದೆ ಕಣ್ಲಾ. ನೀನ್ ನೋಡಿದ್ರೆ ಕ್ಯಾಲೆಂಡರ್ ಓದ್ತಾ ನಿಂತಿದ್ದೆ."



ಒಗ್ಗರಣೆ ಸೌಟನ್ನು ಹೆಂಡತಿ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಗೆಳೆಯ ಅದನ್ನು ಕೇಳಿ ಪಡೆದು, ಸವೆದ ಹಲ್ಲುಚಕ್ರದ ಪಕ್ಕದಲ್ಲಿ ಅಂಗಡಿಯ ಮೊಳೆಗೆ ನೇತುಹಾಕಿದ್ದಾನೆ. ಬಂದವರೆಲ್ಲ ಇದ್ಯಾವ ಟೂಲು ಎಂದು ಕೇಳುತ್ತಾರೆ. ಅವನು ಹೇಳುವುದಿಲ್ಲ, ಬೆಂಚಿನ ಮೇಲೆ ಕೂತ ನನ್ನ ಕಡೆ ಸ್ಪ್ಯಾನರ್ ತೋರಿಸುತ್ತಾನೆ. ನಾನು ಕನ್ನಡಕ ಸರಿಮಾಡಿಕೊಂಡು ಬೂದಿಯಿಂದ ಕಥೆ ಶುರುಮಾಡುತ್ತೇನೆ.